ಪೂವಯ್ಯನ ಹಾಕಿ ಸ್ಟಿಕ್ಕು

ಹೇಳುವವರಿಗೆ ಒಂದು ನಾಲಿಗೆ, ಕೇಳುವವರಿಗೆ ಎರಡು ಕಿವಿ. ಕೊಡಗಿನ ಪೂವಯ್ಯನಿಗೆ ಮಾತ್ರ ಮೈಯೆಲ್ಲ ಕಿವಿ. ಅವ್ವ ಹೇಳಿದಳೋ, ಹೇಳಿದಷ್ಟೇ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ.

ಅವ್ವ ದೇಚವ್ವ ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿ ಹಾಕಿ, ಯಾರ ಮುಂದೂ ಕೈ ಚಾಚದೆ ಮಗನನ್ನು ಸಾಕಿದವಳು. ಎಂಥ ಗಟ್ಟಿ ಕಾಳನ್ನಾದರೂ ಹಿಟ್ಟು ಮಾಡಿದೆ, ಇವನ ತಲೆಯೊಂದು ನನ್ನ ಗಿರಣಿಗೂ ಬಗ್ಗಲಿಲ್ಲ ಎಂದು ಹಣೆ ಬಡಿದುಕೊಳ್ಳುತ್ತಿದ್ದಳು.

ಆ ಸೀಮೆಯಲ್ಲಿ ಬೇಸಿಗೆ ಬಂದರೆ ಮನೆತನ ಮನೆತನಗಳ ನಡುವೆ ಹಾಕಿ ಪಂದ್ಯ. ಒಂದೇ ಮನೆತನದ ಹನ್ನೊಂದು ಮಂದಿ ಇಳಿಯಬೇಕು. ಅಜ್ಜನಾದರೂ ಸರಿ, ಹುಡುಗಿಯಾದರೂ ಸರಿ, ಹೊರಗಿನವರು ಮಾತ್ರ ಕೂಡದು. ಆ ವರ್ಷ ಎಷ್ಟು ಎಣಿಸಿದರೂ ಹತ್ತೇ ಮಂದಿ. ದೇಚವ್ವನೇ ಇಳಿಯುತ್ತಿದ್ದಳು, ಮಂಡಿ ನೋವು ಬಿಡಲಿಲ್ಲ. ಮನೆತನದ ಹಿರಿಯ, ಅವಳ ಭಾವ ಬಿದ್ದಪ್ಪ, ಕೊನೆಗೆ ಪೂವಯ್ಯನ ಕಡೆ ನೋಡಿ ನಿಟ್ಟುಸಿರಿಟ್ಟ.

"ಈ ಒಂದು ಸಲ ಇಳೀಲಿ. ಇವನಿಂದ ಸೋತೆವೋ, ಮತ್ತೆಂದೂ ನಮ್ಮ ಜೊತೆ ಮೈದಾನಕ್ಕೆ ಕಾಲಿಡಬಾರದು."

"ಸೋತ ಮೇಲೆ ಹೇಳಿ ಭಾವ," ಅಂದಳು ದೇಚವ್ವ.

ಮೊದಲು ಸ್ಟಿಕ್ಕು ಬೇಕು. ಸೊಂಟದ ಎತ್ತರಕ್ಕೆ ಬರಬೇಕು, ಅಳೆದು ತಾ ಎಂದು ಮಗನನ್ನು ಪೇಟೆಗೆ ಕಳಿಸಿದಳು. ಅಂಗಡಿಯವನು ಕೂತುಕೊಳ್ಳಿ ಅಂದ. ಪೂವಯ್ಯ ಬೆಂಚಿನ ಮೇಲೆ ಕೂತ. ಕೂತಲ್ಲೇ ಅಳೆದ. ಸೊಂಟಕ್ಕೆ ಸರಿಯಾಗಿ ಬಂದದ್ದನ್ನು ತಂದ. ಅದು ಮೂರು ವರ್ಷದ ಮಗು ಹಿಡಿಯುವ ಸ್ಟಿಕ್ಕು.

ದೇಚವ್ವ ಬೈದಳು. ಕೂತಲ್ಲ ಕಣೋ, ನಿಂತು ಅಳೀಬೇಕು. ಮತ್ತೆ ತುದಿ ಚೆನ್ನಾಗಿ ಬಾಗಿರಬೇಕು, ಅದನ್ನೂ ನೋಡು ಅಂದಳು.

ಆಗಲಿ ಅವ್ವ ಎಂದು ಪೂವಯ್ಯ ಖಾಲಿ ಬಸ್ಸಿನಲ್ಲೂ ನಿಂತೇ ಹೋದ. ಕಂಡಕ್ಟರ್ ಕೂರಿ ಅಂದರೆ, ಕೂತು ಒಂದು ಸಲ ಕೆಟ್ಟಿದ್ದೇನೆ ಅಂದ. ಅಂಗಡಿಯಲ್ಲಿ ನಿಂತ, ಅಳೆದ, ಒಂದೊಂದೇ ತುದಿ ನೋಡಿದ. ಎಲ್ಲವೂ ಅರ್ಧಂಬರ್ಧ ಬಾಗಿದ್ದವು. ಮೂಲೆಯಲ್ಲಿದ್ದ ಒಂದರ ತುದಿ ಮಾತ್ರ ಪೂರ್ತಿ ಸುತ್ತಿ ಬರುವಷ್ಟು ಬಾಗಿತ್ತು. ಸೊಂಟಕ್ಕೂ ಸರಿ. ಮನೆಗೆ ತಂದ.

ಅದು ಅಂಗಡಿಯವನ ಕೊಡೆ.

"ಇದಕ್ಕಿಂತ ಬಾಗಿದ್ದು ಇಡೀ ಪೇಟೆಯಲ್ಲೇ ಇಲ್ಲ ಅವ್ವ."

"ಕೊಡೆಗೆ ಬಾಗಿದ್ದು ಮೇಲೆ. ಹಾಕಿಗೆ ಬಾಗಿದ್ದು ಕೆಳಗೆ, ನೆಲಕ್ಕೆ ತಾಗಿಕೊಂಡು. ನೆಲ ಬಿಟ್ಟು ಎತ್ತಬಾರದು. ತಿಳೀತಾ?"

ತಿಳಿಯಿತು. ಕೊಡೆ ಹಿಂದಕ್ಕೆ ಕೊಟ್ಟು ಈ ಸಲ ಸ್ಟಿಕ್ಕನ್ನೇ ಕೊಂಡ. ಅಂಗಡಿಯ ಬಾಗಿಲಲ್ಲೇ ತುದಿಯನ್ನು ನೆಲಕ್ಕೆ ಊರಿದ. ಬಸ್ಸು ಹತ್ತಬೇಕಾದರೆ ಎತ್ತಬೇಕಲ್ಲ, ಅದಕ್ಕೆ ಬಸ್ಸನ್ನೇ ಬಿಟ್ಟ. ಏಳು ಮೈಲಿ ಡಾಂಬರು ರಸ್ತೆಯಲ್ಲಿ ಎಳೆದುಕೊಂಡು ಬಂದ. ಮನೆ ಮುಟ್ಟುವಾಗ ಬಾಗಿದ್ದೆಲ್ಲ ಸವೆದು ಹೋಗಿ, ಕೈಯಲ್ಲಿ ದನ ಕಾಯುವ ಕೋಲು ಉಳಿದಿತ್ತು.

ನಾಲ್ಕನೇ ಸಲ ದೇಚವ್ವ ತಾನೇ ಹೋಗಿ ತಂದಳು. ಮಗನ ಕೈಗೆ ಕೊಟ್ಟು ಹೇಳಿದಳು: ಗೋಲಿನ ಕಂಬದ ಹತ್ತಿರ ನಿಂತಿರು. ಅಲ್ಲಿಂದ ಕದಲಬೇಡ. ಬಂದ ಚೆಂಡನ್ನು ತಡಿ. ಬೇರೇನೂ ಮಾಡಬೇಡ.

ಪಂದ್ಯದ ದಿನ ಪೂವಯ್ಯ ಕಂಬದ ಪಕ್ಕ ಇನ್ನೊಂದು ಕಂಬವಾದ. ಚೆಂಡು ಬಂತು, ತಡೆದ. ಮತ್ತೆ ಬಂತು, ಮತ್ತೆ ತಡೆದ. ಜನ ಚಪ್ಪಾಳೆ ತಟ್ಟಿದರು. ಗೋಲಿನ ಹಿಂದೆ ನಿಂತಿದ್ದ ದೇಚವ್ವ ಪಕ್ಕದ ಭಾವನ ಕಡೆ ಒಂದು ನೋಟ ನೋಡಿದಳು.

ಅರ್ಧ ಆಟ ಮುಗಿದು ತಂಡಗಳು ಗೋಲು ಬದಲಿಸಿದವು. ದೇಚವ್ವ, ಬಿದ್ದಪ್ಪ, ನೆಂಟರೆಲ್ಲ ಆಚೆ ತುದಿಯ ಗೋಲಿನ ಹಿಂದಕ್ಕೆ ನಡೆದರು. ಪೂವಯ್ಯ ಮಾತ್ರ ಇದ್ದಲ್ಲೇ. ಜೊತೆಯವರು ಬಾರೋ ಎಂದು ಕರೆದರು. ಕದಲಬೇಡ ಅಂದಿದ್ದಾಳೆ ಅವ್ವ ಅಂದ. ಹಿಡಿದು ಎಳೆದರು. ಕಂಬ ತಬ್ಬಿಕೊಂಡ. ಅಷ್ಟರಲ್ಲಿ ಅಂಪೈರು ಸೀಟಿ ಊದಿದ.

ಎರಡೂ ಕಡೆ ಗೋಲಿಲ್ಲ. ಇನ್ನೇನು ಆಟ ಮುಗಿಯಬೇಕು, ಬಿದ್ದಪ್ಪನ ಮಗಳು ಪೊನ್ನಮ್ಮ ಎದುರಾಳಿಗಳನ್ನೆಲ್ಲ ದಾಟಿ, ಅವರ ಗೋಲ್‌ಕೀಪರನ್ನೂ ದಾಟಿ ಹೊಡೆದಳು. ಚೆಂಡು ಖಾಲಿ ಗೋಲಿನ ಕಡೆ ಉರುಳಿತು. ಪೂವಯ್ಯ ಅದನ್ನೂ ತಡೆದ.

ಆ ತುದಿಯಿಂದ ದೇಚವ್ವ ಕೂಗಿದಳು.

"ಅಯ್ಯೋ ಪೆದ್ದೇ, ಅದು ನಮ್ಮ ಗೋಲಲ್ಲ! ಚೆಂಡು ಅವರಿಗೆ ಬಿಡಬೇಡ, ಈ ಕಡೆ ಬಾ, ನನ್ನ ಹತ್ತಿರ ಬಾ!"

ಅವ್ವ ಕರೆದ ಮೇಲೆ ಕದಲಬಹುದು. ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಪೂವಯ್ಯ ಹೊರಟ. ಎದುರಾಳಿಗಳು ಮೊದಲು ಅಡ್ಡ ಬಂದರು. ಅವನು ಹೊರಟ ದಿಕ್ಕು ತಿಳಿದ ಮೇಲೆ ದಿಬ್ಬಣಕ್ಕೆ ಬಿಡುವಂತೆ ದಾರಿ ಬಿಟ್ಟರು. ಆಮೇಲೆ ತನ್ನವರೇ ಅಡ್ಡ ಬಿದ್ದರು. ಅವರನ್ನೂ ಸುತ್ತಿ ದಾಟಿದ. ತನ್ನವರ ಗೋಲಿನೊಳಗೇ ಹೊಕ್ಕು, ಬಲೆಯಾಚೆ ನಿಂತಿದ್ದ ಅವ್ವನ ಎದುರಿಗೆ ಚೆಂಡು ತಂದಿಟ್ಟ.

"ಬಂದೆ ಅವ್ವ. ಯಾರಿಗೂ ಬಿಡಲಿಲ್ಲ."

ಬಿದ್ದಪ್ಪ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಆದರೆ ಅಂಪೈರು ಗೋಲಲ್ಲ ಎಂದು ಕೈಯಾಡಿಸಿದ. ಗೋಲಿನ ಹತ್ತಿರ ಎದುರಾಳಿಯ ಸ್ಟಿಕ್ಕು ಮುಟ್ಟಿದರೆ ತಾನೇ ಗೋಲು? ಅವರೋ ನಗುತ್ತ ದಾರಿ ಬಿಟ್ಟವರು, ಒಬ್ಬನೂ ಮುಟ್ಟಿರಲಿಲ್ಲ. ಆಟ ಸಮ ಸಮ. ನಾಳೆ ಮತ್ತೆ ಆಡಬೇಕು.

ಬಿದ್ದಪ್ಪ ಪೂವಯ್ಯನನ್ನೇ ಬಹಳ ಹೊತ್ತು ನೋಡಿದ. ಅಷ್ಟುದ್ದ ಓಟದಲ್ಲಿ ಚೆಂಡು ಒಂದು ಸಲವೂ ಇವನ ಸ್ಟಿಕ್ಕು ಬಿಟ್ಟಿರಲಿಲ್ಲ. ಆಮೇಲೆ ದೇಚವ್ವನ ಕಡೆ ತಿರುಗಿದ.

"ನಾಳೆ ಇವನು ಬರಲಿ. ನೀನು ಬರಬೇಡ."

ಆ ಮಾತನ್ನು ಪೂವಯ್ಯನೂ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ಸ್ಟಿಕ್ಕು ಹಿಡಿದು ಹೊರಗೆ ಬಂದ, ಬಾಗಿಲು ಎಳೆದ, ಅವ್ವ ಒಳಗಿರುವಂತೆಯೇ ಬೀಗ ಜಡಿದ. ಬಾಗಿಲು ತೆಗಿಯೋ ಎಂದು ಒಳಗಿನಿಂದ ದೇಚವ್ವ ಗುದ್ದುತ್ತಿದ್ದರೆ, ದೊಡ್ಡಪ್ಪ ಹೇಳಿದ್ದು ಇಷ್ಟು ಬೇಗ ಮರೆತೆಯಾ ಅವ್ವ ಎಂದು ಮರುಗುತ್ತ ಮೈದಾನದ ಕಡೆ ನಡೆದ.