ಬೋಳುಕತ್ತಿನ ಮರಿ ಯಾರದು?

ಮರಿಯನ್ನು ತಿಂದದ್ದು ಮುಂಗುಸಿ. ತಿನ್ನಲು ಬಿಟ್ಟದ್ದು ಹುಂಜ. ಕಂಡೂ ಕಾಣದ ಹಾಗೆ ಕಾಳು ಕುಕ್ಕುತ್ತ ನಿಂತದ್ದು ಹೇಂಟೆಗಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಪಾಪವನ್ನೆಲ್ಲ ಮುಂಗುಸಿಯ ತಲೆಗೇ ಕಟ್ಟಬಾರದು.

ಒಂದಾನೊಂದು ಊರಲ್ಲಿ ದ್ಯಾವಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ. ಅವಳ ಹಿತ್ತಿಲಲ್ಲಿ ಒಂದು ಹುಂಜ, ಒಂದು ಹಿಂಡು ಹೇಂಟೆ. ಅದರಲ್ಲಿ ಕರಿಹೇಂಟೆ ಕಾವಿಗೆ ಬಂತಂತೆ. ದ್ಯಾವಮ್ಮ ವಾಡಿಕೆಯಂತೆ ಎಲ್ಲ ಹೇಂಟೆಗಳ ಮೊಟ್ಟೆ ಒಟ್ಟುಮಾಡಿ, ಮಂಕರಿ ಬುಟ್ಟಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಟ್ಟು ಕರಿಹೇಂಟೆಯನ್ನು ಕೂರಿಸಿದಳು. ಮೊಟ್ಟೆ ಇಟ್ಟವರು ಮರೆತರು. ಕಾವು ಕೂತವಳು ಕೂತೇ ಇದ್ದಳು. ಹಸಿದು ಹಸಿದು ಅವಳ ಜುಟ್ಟು ಬಿಳುಚಿತು, ಎದೆಮೂಳೆ ಎದ್ದು ಕಂಡಿತು.

ಮರಿ ಆದವು. ಬೂದಿ ಬಣ್ಣದ್ದೊಂದು, ಚುಕ್ಕೆಯದೊಂದು, ಕತ್ತಿನಲ್ಲಿ ತುಪ್ಪಳವೇ ಇಲ್ಲದ್ದೊಂದು, ಹೀಗೆ ಬಗೆಬಗೆ.

ಮರಿ ಕಟ್ಟಿಕೊಂಡು ಮೇಯಲು ಬಂದ ಕರಿಹೇಂಟೆ ಥಟ್ಟನೆ ನಿಂತಿತು. ಹುಲ್ಲಿನ ಮೆದೆಯ ಬುಡದಲ್ಲಿ ಎರಡು ಕೆಂಪು ಕಣ್ಣು. ಅಲುಗದ ಕಣ್ಣು.

"ಹುಂಜಪ್ಪ, ಕೂಗಪ್ಪೋ! ಮುಂಗುಸಿ ಬಂದೈತೆ!"

"ನಾನೇನು ಕುರುಡನೇನೆ?" ಅಂದಿತು ಗೋಡೆ ಮೇಲಿನ ಹುಂಜ. "ಅದಕ್ಕೂ ನನಗೂ ಮಾತಾಗೈತೆ. ಮರಿ ಅದಕ್ಕೆ, ದೊಡ್ಡವರು ಕ್ಷೇಮ. ಎಲ್ಲರ ಒಳ್ಳೇದಕ್ಕೆ ಬಾಯಿ ಮುಚ್ಕೊಂಡಿರು."

ಕರಿಹೇಂಟೆ ಉಳಿದ ಹೇಂಟೆಗಳ ಹತ್ತಿರ ಓಡಿತು. "ಅಕ್ಕಗಳಿರಾ, ಮೆದೇಲಿ ಮುಂಗುಸಿ ಐತೆ, ಮರಿಗಳನ್ನ ನಡುವೆ ಬಿಟ್ಕೊಳ್ಳಿ."

"ಇಷ್ಟು ದಿನ ಮಂಕರೀಲಿ ರಾಣಿ ಹಂಗೆ ಕೂತಿದ್ದೆಯಲ್ಲ!" ಅಂದಿತು ಬೋಳುಕತ್ತಿನ ಹೇಂಟೆ. "ಈಗ ನಾವು ಬೇಕಾದೆವಾ? ನಿನ್ನ ಮರಿ, ನಿನ್ನ ಪಾಡು, ಹೋಗೆ!"

ನುಚ್ಚಿಗೆ ಬಾಯಿ ಹಾಕಿದ ಮರಿಗಳನ್ನು ಹೇಂಟೆಗಳು ಕುಕ್ಕಿ ಕುಕ್ಕಿ ಅಟ್ಟಿದವು. ಮರಿಗಳು ಚೆದುರಿ ಮೆದೆಯ ಕಡೆಗೇ ಸರಿದವು. 'ಚೀಂವ್' ಅಂತ ಒಂದೇ ಸದ್ದು. ಬೂದಿ ಮರಿ ಇಲ್ಲ. ಹೇಂಟೆಗಳು ತಲೆ ಎತ್ತಲಿಲ್ಲ.

ಅಂದು ಬೈಗಿಗೆ ಮರಿಗಳೆಲ್ಲ ರೆಕ್ಕೆಯೊಳಗೆ ನುಗ್ಗಿದರೂ ಒಂದು ಜಾಗ ತಣ್ಣಗೇ ಉಳಿಯಿತಂತೆ.

ಬೆಳಗಾಯಿತು. ಹೊರಗೆ ಹೋದರೆ ಸಾವು, ಹೋಗದಿದ್ದರೆ ಹಸಿವು. ಮರಿಗಳ ಅಳು ತಾಳದೆ ಕರಿಹೇಂಟೆ ಹೊರಬಂತು. ಮತ್ತೆ ಅದೇ ಕುಕ್ಕು, ಅದೇ ಮೆದೆ. ಮುಂಗುಸಿ ಈ ಸಲ ಮೆದೆ ಬಿಟ್ಟು ಅಂಗಳದ ನಡುವಿಗೇ ಬಂದು ಬೋಳುಕತ್ತಿನ ಮರಿಯ ಕಾಲು ಕಚ್ಚಿ ಎಳೆಯಿತು. ಕರಿಹೇಂಟೆ ಮುಂಗುಸಿಯ ಮೇಲೆ ಬಿದ್ದು ಕಿರುಚಿತು.

"ಎಲೇ ಬೋಳುಕತ್ತಿನವಳೇ, ಆ ಮರಿ ಕತ್ತು ನೋಡೇ! ಅದು ನಿನ್ನ ಕತ್ತು ಕಣೇ! ಮೊಟ್ಟೆ ನಿನ್ನದು, ಕಾವು ನನ್ನದು! ಬೂದಿಯಕ್ಕಾ, ನೆನ್ನೆ ಸತ್ತದ್ದು ಯಾರ ಕೂಸು?"

ಬೂದಿ ಹೇಂಟೆಯ ಕೊಕ್ಕಿನಿಂದ ಕಾಳು ಉದುರಿತು. ಬೋಳುಕತ್ತಿನ ಹೇಂಟೆ ಮರಿಯ ಕತ್ತು ನೋಡಿದ್ದೇ ಮುಂಗುಸಿಯ ಮೇಲೆ ಹಾರಿತು. ಅದರ ಹಿಂದೆ ಬೂದಿ, ಅದರ ಹಿಂದೆ ಚುಕ್ಕೆ, ಅದರ ಹಿಂದೆ ಇಡೀ ಹಿಂಡು. ಕೊಕ್ಕೇ ಕೊಕ್ಕು, ಉಗುರೇ ಉಗುರು. ಮುಂಗುಸಿ ಮರಿಯನ್ನು ಬಿಟ್ಟು, ಒಂದು ಕಣ್ಣನ್ನೂ ಅಲ್ಲೇ ಬಿಟ್ಟು, ಬೇಲಿ ಹಾರಿತು.

ಗದ್ದಲ ಕೇಳಿ ಪೊರಕೆ ಹಿಡಿದು ಬಂದ ದ್ಯಾವಮ್ಮ ಎಲ್ಲ ಬಿಟ್ಟು ಗೋಡೆ ನೋಡಿದಳಂತೆ. ಹುಂಜ ಪುಕ್ಕ ತೀಡಿಕೊಳ್ಳುತ್ತಿತ್ತು.

"ಕೂಗದ ಹುಂಜ ಯಾತಕ್ಕಯ್ಯ?" ಅಂದಳು. ಮರುದಿನ ಬೀಗರು ಬಂದರು. ಸಾರು ಘಮಘಮ ಅಂದಿತಂತೆ.

ಅಂದಿನಿಂದ ಆ ಹಿತ್ತಿಲಲ್ಲಿ ಮರಿ ತಿಂದ ಮೇಲೇ ದೊಡ್ಡವರು ಬಾಯಿ ಹಾಕುವುದು. ಕುಂಟುವ ಬೋಳುಕತ್ತಿನ ಮರಿಗೆ ಮೊದಲ ನುಚ್ಚು. ಆದರೆ ಬೂದಿ ಮರಿ ವಾಪಸ್ಸು ಬರಲಿಲ್ಲ.

ಕಥೆಯನ್ನು ಮಂಕರಿಯಿಂದ ಬಿಟ್ಟಿದ್ದೇನೆ, ಇನ್ನು ನಿಮ್ಮ ಅಂಗಳದಲ್ಲಿ ಮೇಯಲಿ. ನಾಳೆ ನಿಮ್ಮ ಕೇರಿಯಲ್ಲಿ ಒಂದು ಕೂಸಿನ ಕೂಗು ಎದ್ದರೆ ಯಾರದು ಅಂತ ಕೇಳುತ್ತ ಕೂರಬೇಡಿ. ತಟ್ಟೆ ಬಿಟ್ಟು ಏಳಿ. ಓಡಿ.