ಕೆಂಪು ಗೆರೆಯೊಳಗಿನ ಮನೆ

ಕಾಡಿನ ಪಂಚಾಯಿತಿಯ ಪರವಾಗಿ ಮುಳ್ಳುಹಂದಿ ಸಾಕಮ್ಮ ಕಾಡ್ಗಿಚ್ಚು ನುಗ್ಗುವ ಜಾಗಗಳ ನಕ್ಷೆ ಬರೆಯುತ್ತಿದ್ದಳು. ತನ್ನದೇ ಮುಳ್ಳೊಂದನ್ನು ಕೆಮ್ಮಣ್ಣಿನಲ್ಲಿ ಅದ್ದಿ ಎಳೆದ ಗೆರೆಯೊಳಗೆ ಮುಳ್ಳುಹಂದಿ ಬೋರಯ್ಯನ ಬಿಲವೂ ಸೇರಿತು.

ಬೋರಯ್ಯ ಓಡಿಬಂದು ಅಂಗಲಾಚಿದ. "ಗೆರೆ ಒಂಚೂರು ಸರಿಸಿ ತಾಯಿ, ನನ್ನ ಮನೆ ಹೊರಗೆ ಬಿಡಿ. ಬೆಂಕಿ ಬೀಳೋ ಮನೆ ಅಂತ ಗೊತ್ತಾದರೆ ನನ್ನ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ?"

"ಸರಿಸುತ್ತೇನೆ. ಆಮೇಲೆ ಬೆಂಕಿಗೆ ಯಾರು ಹೇಳುವುದು, ನೀವೋ ನಾನೋ?"

ಬೋರಯ್ಯ ಮನೆಗೆ ಹೋದ. ಅಪ್ಪ, ಮಗ ಸೇರಿ ಬಿಲದ ಸುತ್ತಲಿನ ಒಣಹುಲ್ಲು, ತರಗೆಲೆಯನ್ನೆಲ್ಲ ಬರಿ ಮಣ್ಣು ಕಾಣುವಂತೆ ಗುಡಿಸಿದರು.

ಸಾಕಮ್ಮ ಬಂದು ಅಂಗಳವನ್ನು ಒಂದು ಸುತ್ತು ನೋಡಿದಳು.

"ಈಗಲಾದರೂ ಗೆರೆ ಅಳಿಸುತ್ತೀರಾ?" ಎಂದ ಬೋರಯ್ಯ.

"ಗೆರೆ ಇದ್ದಲ್ಲೇ ಇರಲಿ, ಬೀಗರೇ," ಎಂದಳು ಸಾಕಮ್ಮ. "ನನ್ನ ಮಗಳನ್ನು ಈ ಮನೆಗೇ ಕೊಡುತ್ತೇನೆ."