ಗೌಡರ ಹಾಸಿಗೆಯೊಳಗಿನ ಸೂಜಿ

ಹಾಸಿಗೆ ಹೊಲಿಯುವ ನಮ್ಮೂರ ಮೌಲಾಸಾಬರಂಥ ಚುರುಕು ತಲೆ ಸುತ್ತಲಿನ ಹತ್ತೂರಲ್ಲಿಲ್ಲ, ಬೇಕಾದ್ರೆ ಬಾಜಿ ಕಟ್ಟಿ! ಒಮ್ಮೆ ಗೌಡರ ಹೊಸ ಅಳಿಯನಿಗೆ ಹಾಸಿಗೆ ಹೊಲಿಯುವಾಗ ಸೂಜಿ ಹತ್ತಿಯೊಳಗೆ ಸೇರಿಕೊಂಡಿತು.

"ಸಂಜೆಗೆ ಅಳಿಯ ಬರ್ತಾನೆ. ಹಾಸಿಗೆ ಬಿಚ್ಚದೆ ಸೂಜಿ ತೆಗಿ. ಇಲ್ಲಾಂದ್ರೆ ಊರು ಬಿಡು!" ಗೌಡರು ಗುಡುಗಿದರು.

ಮೌಲಾಸಾಬರು ಕೆಟ್ಟ ರೇಡಿಯೋದ ಅಯಸ್ಕಾಂತಕ್ಕೆ ತಮ್ಮ ಜೇಬಿನ ಚಾಕುವನ್ನು ಒಂದೇ ದಿಕ್ಕಿಗೆ ಉಜ್ಜಿದರು. ಹೊಲಿಗೆಯ ಸಂದಿನಲ್ಲಿ ಅಲಗು ತೂರಿಸಿ ಆಡಿಸಿದರು. ಹೊರಗೆಳೆದರೆ ತುದಿಯಲ್ಲಿ ಸೂಜಿ ನೇತಾಡುತ್ತಿತ್ತು!

ಗೌಡರು ಕೈಮುಗಿದೇಬಿಟ್ಟರು. "ಯಾವ ಮಂತ್ರವೋ ಮೌಲಾ?"

"ಮಂತ್ರ ಎಲ್ಲಿಂದ ಬಂತು ಗೌಡ್ರೇ? ಉಜ್ಜಿದಾಗ ಉಕ್ಕಿನ ಕಣಗಳೆಲ್ಲ ಒಂದೇ ಕಡೆ ಮುಖ ಮಾಡ್ತವೆ. ನಿಮ್ಮ ಮುಂದೆ ನಾವು ನಿಲ್ಲೋ ಹಾಗೆ."

"ಆ ಶಕ್ತಿ ಹೋಗೋದೇ ಇಲ್ವಾ?"

"ಸುಮ್ಮಸುಮ್ಮನೆ ಬಡೀತಾ ಇದ್ರೆ ಎಲ್ಲಾ ದಿಕ್ಕಾಪಾಲು, ಗೌಡ್ರೇ."

ಗೌಡರು ಚಾಕುವನ್ನೂ ನೋಡಿದರು, ಸುತ್ತ ಕೈಕಟ್ಟಿ ನಿಂತಿದ್ದ ಊರಿನವರಾದ ನಮ್ಮನ್ನೂ ನೋಡಿದರು. ಅಂದಿನಿಂದ ಅವರು ಯಾರ ಮೇಲೂ ಗುಡುಗಿಲ್ಲ.